ನನ್ನ ಚುಕ್ಕಿ ಯಾರದು? ಬಳ್ಳಾರಿ ಪ್ರದರ್ಶನಕ್ಕೆ ಮುಂಚೆ ಒಂದು ಪ್ರಶ್ನೆ

ಕೆಂಪಂಗಳ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುವವಳು ನಾನು. ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಕೂತುಕೊಳ್ಳಿ.

ನನ್ನ ತವರು ಸಂಡೂರಿನ ಹತ್ತಿರದ ಒಂದು ಹಳ್ಳಿ. ಈಗ ಇರುವುದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ನಮ್ಮ ಮನೆಯವರು ಗಣಿ ಇಂಜಿನಿಯರ್. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದ್ದು ನಿಮಗೆಲ್ಲ ನೆನಪಿರಬೇಕು. ಅದಾದ ಮೇಲೆ ಹತ್ತು ತಿಂಗಳು ಕೆಲಸ ಇಲ್ಲದೆ ಮನೆಯಲ್ಲೇ ಇದ್ದರು. 2012ರಲ್ಲಿ ಇಲ್ಲಿಗೆ ಬಂದೆವು. ಬಳ್ಳಾರಿ ಅದಿರು ಬಿಟ್ಟು ಇಲ್ಲಿಯ ಪಿಲ್ಬರಾ ಸೀಮೆಯ ಅದಿರಿಗೆ. ಅವರು ಎರಡು ವಾರ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ಗಣಿ ಇರುವ ನ್ಯೂಮನ್ ಊರು ಇಲ್ಲಿಂದ ಸುಮಾರು 1200 ಕಿ.ಮೀ. ಶಿಫ್ಟಿಗೆ ವಿಮಾನದಲ್ಲಿ ಹೋಗಿ ಬರುತ್ತಾರೆ, ನಮ್ಮೂರ ಹುಡುಗರು ಬಸ್ಸಲ್ಲಿ ತೋರಣಗಲ್ಲಿಗೆ ಹೋಗಿ ಬಂದ ಹಾಗೆ.

ಮೊದಲ ಸಲ ಗಣಿಯಿಂದ ಬಂದಾಗ ಅವರ ಬಟ್ಟೆ ಒಗೆಯಲು ಕೂತೆ. ಮಷಿನ್ನಿಗೆ ಹಾಕಿದರೆ ಬೇರೆ ಬಟ್ಟೆಗೂ ಹತ್ತುತ್ತದೆ ಅಂತ ಬಕೆಟ್ಟಿನಲ್ಲಿ ನೆನೆ ಹಾಕಿದ್ದೆ. ಮೊದಲನೇ ನೀರು ಕೆಂಪು. ಎರಡನೇ ನೀರೂ ಕೆಂಪು. ಮೂರನೆಯದು ತೆಳು ಚಹಾದ ಬಣ್ಣ. ಕಾಲುಚೀಲದ ಹಿಮ್ಮಡಿಯಲ್ಲಿ ಮಾತ್ರ ಎಷ್ಟು ಉಜ್ಜಿದರೂ ಹೋಗಲಿಲ್ಲ. ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡುತ್ತಾ ಇದ್ದೆ. ಅದಿರು ಲಾರಿಗಳ ಕಾಲದಲ್ಲಿ ನಮ್ಮಮ್ಮ ಚೆಲ್ಲುತ್ತಿದ್ದ ನೀರೂ ಇದೇ ಬಣ್ಣ. ಆಗ ತಮ್ಮನ ಬಿಳಿ ಯೂನಿಫಾರಂ ಒಗೆದು ಹಗ್ಗಕ್ಕೆ ಹಾಕಿದರೆ ಒಣಗುವಷ್ಟರಲ್ಲಿ ಗುಲಾಬಿ ಆಗಿರುತ್ತಿತ್ತು. ಹುಣಸೆ ಮರ ಕೆಂಪು, ಎಮ್ಮೆ ಬೆನ್ನು ಕೆಂಪು, ಮೊಸರಿನ ಗಡಿಗೆಗೆ ಮುಚ್ಚಿದ ಬಟ್ಟೆ ಕೆಂಪು. ಸಮುದ್ರ ದಾಟಿ ಬಂದು ಅಮ್ಮನ ಬಕೆಟ್ಟಿನ ಮುಂದೆಯೇ ಕೂತಿದ್ದೇನಲ್ಲ ಅನ್ನಿಸಿತು.

ಆ ಬಕೆಟ್ಟಿನ ತಳದಲ್ಲಿ ಕೂತ ಗಷ್ಟು ಮುಂದೆ ನನ್ನ ಮೊದಲ ಬಣ್ಣ ಆಯಿತು. ತಕ್ಷಣ ಅಲ್ಲ, ನಾಲ್ಕು ವರ್ಷ ಆದ ಮೇಲೆ. ನಾನು ಓದಿದ್ದು ಬಿ.ಕಾಂ. ಚಿತ್ರಕಲೆ ಅಂದರೆ ಶಾಲೆಯಲ್ಲಿ ಪಾಸು ಮಾಡಿದ ಡ್ರಾಯಿಂಗ್ ಲೋಯರ್ ಪರೀಕ್ಷೆ ಅಷ್ಟೇ. ಹೈಯರ್‌ಗೆ ಫೀಸು ಕಟ್ಟಿದ್ದೆ, ಪರೀಕ್ಷೆ ದಿನ ಜ್ವರ. ಇಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಸಂಸ್ಥೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ. ಮನೆಯವರು ಇಲ್ಲದ ಎರಡು ವಾರ ಸಂಜೆ ಕಳೆಯುವುದು ಕಷ್ಟ ಆಗುತ್ತಿತ್ತು. 2016ರಲ್ಲಿ ಸಂಜೆಯ ಚಿತ್ರಕಲೆ ತರಗತಿಗೆ ಸೇರಿದೆ. ಈಗ ಕಾರು ಹೊರಗೆ ನಿಲ್ಲುತ್ತದೆ, ಗ್ಯಾರೇಜು ನನ್ನದು.

ಬರೆಯುವುದು ಏನು ಅಂದರೆ, ಕೆಂಪು ನೆಲ, ಮೇಲೆ ಬಿಳಿ ಚುಕ್ಕಿ. ಅಜ್ಜಿ ಅಂಗಳ ಸಾರಿಸಿ ಇಡುತ್ತಿದ್ದ ರಂಗೋಲಿ: ಏಳು ಚುಕ್ಕಿ, ಸಂದು ಚುಕ್ಕಿ ನಾಲ್ಕರ ವರೆಗೆ. ಎಣಿಸಿದರೆ ಒಟ್ಟು 37. ಆ 37 ನನ್ನ ಪ್ರತಿ ಚಿತ್ರದಲ್ಲೂ ಎಲ್ಲೋ ಒಂದು ಕಡೆ ಇರುತ್ತದೆ, ಕೆಲವದರಲ್ಲಿ ಹುಡುಕಬೇಕು. ನಾಲ್ಕು ಫೋಟೋ ಹಾಕಿದ್ದೇನೆ, ನೋಡಿ.

ಈಗ ವಿಷಯಕ್ಕೆ ಬರುತ್ತೇನೆ. ಮಾರ್ಚಿನಲ್ಲಿ ಇಲ್ಲಿಯ ಒಂದು ಲೈಬ್ರರಿಯಲ್ಲಿ ಹನ್ನೊಂದು ಜನರ ಚಿತ್ರ ಇಟ್ಟಿದ್ದರು. ನನ್ನವೂ ಎರಡು ಇದ್ದವು. ನೇತು ಹಾಕುವ ದಿನ ಸಂಘಟಕಿ ಬಂದು ನಿಂತು ನೋಡಿದರು. ತುಂಬಾ ಮೆತ್ತಗೆ ಕೇಳಿದರು: ಇದು ಅಬಾರಿಜಿನಲ್ ಜನರ, ಅಂದರೆ ಇಲ್ಲಿಯ ಮೂಲನಿವಾಸಿಗಳ, ಚುಕ್ಕಿ ಚಿತ್ರದ ಹಾಗೆ ಕಾಣುತ್ತದಲ್ಲ, ನಿಮಗೆ ಅನುಮತಿ ಇದೆಯಾ? ನನಗೆ ಮುಖ ಬಿಸಿಯಾಯಿತು. ಇದು ನಮ್ಮಜ್ಜಿಯ ರಂಗೋಲಿ ಅಂದೆ. ಹೌದಾ, ಹಾಗಾದರೆ ಕೆಳಗೆ ಬರೆದು ಹಾಕಿ ಅಂದರು. ಬರೆದು ಹಾಕಿದೆ. ಆದರೂ ಒಂದು ವಾರ ನಿದ್ದೆ ಬರಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ. "ಚುಕ್ಕಿ ಇಡೋಕೂ ಪರ್ಮಿಷನ್ನಾ? ನಾಳೆ ಮೊಸರು ಕಡೆಯೋಕೂ ಕೇಳ್ತಾರೆ ಬಿಡು" ಅಂದರು. ನಕ್ಕೆವು.

ಅದೇ ಫೋಟೋವನ್ನು ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಬಳ್ಳಾರಿಯ ಚಿಕ್ಕಪ್ಪನ ಮಗ ಬರೆದ: "ಸೂಪರ್ ಅಕ್ಕಾ, ಆಸ್ಟ್ರೇಲಿಯಾದವರ ಪೇಂಟಿಂಗ್ ಪಕ್ಕಾ ಕಲಿತುಬಿಟ್ಟಿದ್ದೀಯ!" ನಗು ಅಲ್ಲಿಗೆ ನಿಂತಿತು.

ಜನವರಿಯಲ್ಲಿ ಸಂಕ್ರಾಂತಿ ಮುಗಿದ ಮೇಲೆ ಬಳ್ಳಾರಿಯಲ್ಲಿ ನಾಲ್ಕು ದಿನ ಪ್ರದರ್ಶನ ಇಡಬೇಕು ಅಂತ ಹಾಲ್ ಮಾತಾಡಿದ್ದೇನೆ. 14 ಚಿತ್ರ, ಸುರುಳಿ ಸುತ್ತಿ ತರುತ್ತೇನೆ. ಹಾಲ್‌ನವರು ಕಾರ್ಡಿನಲ್ಲಿ ಏನು ಹಾಕಬೇಕು ಅಂತ ಕೇಳುತ್ತಿದ್ದಾರೆ. "ಆಸ್ಟ್ರೇಲಿಯಾದ ಕಲಾವಿದೆ" ಅಂದರೆ ಜನ ಜಾಸ್ತಿ ಬರುತ್ತಾರಂತೆ. ಇಲ್ಲಿಯ ಅರ್ಜಿಗಳಲ್ಲಿ ಮಾತ್ರ "ನಿಮ್ಮ ಎರಡು ಸಂಸ್ಕೃತಿಗಳ ಬಗ್ಗೆ 200 ಪದಗಳಲ್ಲಿ ಬರೆಯಿರಿ" ಅಂತ ಇರುತ್ತದೆ. ಎರಡು ಸಂಸ್ಕೃತಿ ಅಂದರೆ ಎಡಗಡೆ ಹಂಪಿ ರಥ, ಬಲಗಡೆ ಕಾಂಗರೂ ಅಂತ ಅವರ ಲೆಕ್ಕ. 2018ರಲ್ಲಿ ಅಂಥದ್ದೊಂದು ನಿಜವಾಗಿಯೂ ಬರೆದಿದ್ದೆ. ನಾಚಿಕೆಯ ವಿಷಯ ಅಂದರೆ ಮೊದಲು ಮಾರಾಟ ಆಗಿದ್ದೇ ಅದು. ಒಬ್ಬ ಹಲ್ಲಿನ ಡಾಕ್ಟರು ಕೊಂಡರು. ಈಗಲೂ ಅವರ ಕ್ಲಿನಿಕ್ಕಿನಲ್ಲಿ ಜನ ಬಾಯಿ ಹಿಡಿದುಕೊಂಡು ಅದನ್ನು ನೋಡುತ್ತಾ ಕೂತಿರುತ್ತಾರೆ.

ನನ್ನ ಪ್ರಶ್ನೆ ಇಷ್ಟೇ. ಚುಕ್ಕಿ ಬಿಟ್ಟುಬಿಡಲಾ? ಅಲ್ಲಿಯವರಿಗೆ ಇಲ್ಲಿಯದು, ಇಲ್ಲಿಯವರಿಗೆ ಅಲ್ಲಿಯದು ಅನ್ನಿಸುವುದನ್ನು ಇಟ್ಟುಕೊಂಡು ಏನು ಮಾಡಲಿ? ಇನ್ನೊಂದು ಸಣ್ಣ ತೊಂದರೆ: ಧೂಳಿನ ಬಣ್ಣ ದಪ್ಪ ಹಚ್ಚಿದ ಕಡೆ ಬಿರುಕು ಬಿಡುತ್ತಿದೆ. ಸುರುಳಿ ಸುತ್ತಿದರೆ ಉದುರುತ್ತದೇನೋ ಅಂತ ಭಯ. ತಿಳಿದವರು ಹೇಳಿ.

ಲಾರಿಮಗ ಉತ್ತರಿಸಿದ್ದು:

ಅಕ್ಕಾ, ಚಿತ್ರ ಚೆನ್ನಾಗಿವೆ. ಸಿಟ್ಟಾಗಬೇಡಿ, ಒಂದು ಮಾತು ಹೇಳಲೇಬೇಕು.

ನಿಮಗೆ ಅದು ಬಣ್ಣ, ನಮಗೆ ಅದು ಕೆಮ್ಮು. ನಮ್ಮಪ್ಪ 2009ರಲ್ಲಿ ಸಾಲ ಮಾಡಿ ಎರಡು ಲಾರಿ ತೆಗೆದಿದ್ದರು. ದಿನಕ್ಕೆ ಎರಡು ಟ್ರಿಪ್ಪು, ಮನೆಯಲ್ಲಿ ಹೊಸ ಟಿವಿ, ನನಗೆ ಬೈಕು. ಗಣಿ ಬಂದ್ ಆಯಿತು. ಆರು ಕಂತು ಕಟ್ಟಲಿಲ್ಲ, ಎರಡೂ ಲಾರಿ ಎಳೆದುಕೊಂಡು ಹೋದರು. ಅದಕ್ಕೂ ಮುಂಚೆ ಲಾರಿಯ ಧೂಳು ನಮ್ಮದೇ ಮೆಣಸಿನಕಾಯಿ ಹೊಲದ ಮೇಲೆ ಕೂತು ಬೆಲೆ ಸಿಗಲಿಲ್ಲ. ಆ ಲಾರಿ ನಮ್ಮದೇ, ಆ ಹೊಲವೂ ನಮ್ಮದೇ. ಯಾರನ್ನ ಬೈಯೋದು?

ನಿಮ್ಮ ನಾಲ್ಕು ಫೋಟೋದಲ್ಲಿ ಒಂದು ಲಾರಿಯೂ ಇಲ್ಲ. ಆ ಗುಲಾಬಿ ಆದ ಯೂನಿಫಾರಂ ಇಲ್ಲ. ಚುಕ್ಕಿ ವಿಷಯ ನನಗೆ ಗೊತ್ತಾಗಲ್ಲ. ಬಳ್ಳಾರಿಯಲ್ಲಿ ನೋಡಲು ಬಂದವರು ಚುಕ್ಕಿ ಯಾರದು ಅಂತ ಕೇಳಲ್ಲ. ಧೂಳನ್ನ ಇಷ್ಟು ಚೆಂದ ಯಾಕೆ ಮಾಡಿದ್ರಿ ಅಂತ ಕೇಳ್ತಾರೆ. ಅದಕ್ಕೆ ಉತ್ತರ ಇಟ್ಟುಕೊಂಡು ಬನ್ನಿ. ನಾನಂತೂ ಬರ್ತೀನಿ.

ಕಿನ್ನಾಳದವ ಉತ್ತರಿಸಿದ್ದು:

ಅಕ್ಕಾರೆ, ನಮ್ಮದು ಕೊಪ್ಪಳ ಹತ್ತಿರದ ಕಿನ್ನಾಳ, ಚಿತ್ರಗಾರರ ಮನೆ. ಮೊದಲು ಬಿರುಕಿನ ಮಾತು ಮುಗಿಸೋಣ, ಅದು ಸುಲಭ.

ನೀವು ಧೂಳನ್ನು ಹಾಗೇ ಕಲಸುತ್ತಿದ್ದೀರಿ ಅನ್ನಿಸುತ್ತದೆ. ಅದರಲ್ಲಿ ಮರಳಿನಂಥ ದಪ್ಪ ಕಣವೂ ಇರುತ್ತದೆ, ಹಿಟ್ಟಿನಂಥ ಸಣ್ಣದೂ ಇರುತ್ತದೆ. ಎರಡು ಬಕೆಟ್ ತಗೊಳ್ಳಿ. ಮೊದಲನೆಯದರಲ್ಲಿ ನೀರು ಹಾಕಿ ಧೂಳು ಕದಡಿ. ಒಂದರಿಂದ ಹತ್ತರ ತನಕ ಎಣಿಸಿ. ದಪ್ಪದ್ದು ತಳಕ್ಕೆ ಹೋಗುತ್ತದೆ, ಅದಿರು ಭಾರ ನೋಡಿ. ಮೇಲಿನ ಕೆಂಪು ನೀರನ್ನು ಮಾತ್ರ ಎರಡನೇ ಬಕೆಟ್ಟಿಗೆ ಬಗ್ಗಿಸಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ತಿಳಿ ನೀರು ಚೆಲ್ಲಿದರೆ ತಳದಲ್ಲಿ ಬೆಣ್ಣೆಯಂಥ ಕೆಸರು ಸಿಗುತ್ತದೆ. ಬೆರಳಿಗೆ ತಗೊಂಡು ಉಜ್ಜಿದರೆ ಚರಚರ ಅನ್ನಬಾರದು. ಅಂದರೆ ಮತ್ತೊಮ್ಮೆ ಮಾಡಿ. ದಪ್ಪ ಒಂದೇ ಸಲ ಬಳಿಯಬೇಡಿ, ತೆಳುವಾಗಿ ಮೂರು ಕೈ ಹಚ್ಚಿ. ಆ ಬಣ್ಣ ಬಿಸಿಲಿಗೆ ಮಾಸುವುದಿಲ್ಲ, ಆ ಚಿಂತೆ ಬೇಡ.

ಅಂಟಿಗೆ ನಮ್ಮಲ್ಲಿ ಹುಣಸೆ ಬೀಜ. ನೆನೆಸಿ, ಸಿಪ್ಪೆ ತೆಗೆದು, ಅರೆದು, ಕುದಿಸಿದರೆ ಗಂಜಿಯ ಹಾಗೆ ಆಗುತ್ತದೆ. ಮರದ ಗೊಂಬೆಗೆ ಕೀಲು ಮುಚ್ಚುವುದೂ ಅದರಲ್ಲೇ, ಮೇಲಿನ ಹದ ಮಾಡುವುದೂ ಅದರಲ್ಲೇ. ಒಂದು ಮಾತು: ನಮ್ಮದು ಬಾಗದ ಮರ, ನಿಮ್ಮದು ಬಾಗುವ ಬಟ್ಟೆ. ಮೊದಲು ಒಂದು ಚಿಂದಿಯ ಮೇಲೆ ಹಚ್ಚಿ, ಒಣಗಿಸಿ, ಮಡಚಿ ನೋಡಿ. ಸಂಡೂರಿನಿಂದಲೇ ಒಂದು ಚೀಲ ಧೂಳು ತರಿಸಿಕೊಳ್ಳಿ, ಊರ ಬಣ್ಣ ಊರದೇ ಇರಲಿ.

ಇನ್ನು ಚುಕ್ಕಿ. ಆ ಸಂಘಟಕಿ ಕೇಳಿದ್ದು ನನಗೆ ತಪ್ಪು ಅನ್ನಿಸಲಿಲ್ಲ. ಕಿನ್ನಾಳ ಗೊಂಬೆಗೆ ಜಿಐ ಗುರುತು ಇದೆ, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರದ ಗುರುತು. ಆದರೂ ಎಲ್ಲಿಯದೋ ಅಚ್ಚಿನ ಗೊಂಬೆಗೆ ಬಣ್ಣ ಬಳಿದು ಕಿನ್ನಾಳದ್ದು ಅಂತ ಮಾರುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ನಮ್ಮಪ್ಪ ಒಂದು ಗರುಡನಿಗೆ ಹದಿನೈದು ದಿನ ಕೂರುತ್ತಾರೆ. ಹಂಪಿ ವಿರೂಪಾಕ್ಷ ಗುಡಿಯ ರಂಗಮಂಟಪದ ಮೇಲ್ಛಾವಣಿ ಚಿತ್ರ ನಮ್ಮ ಹಿರಿಯರೇ ಬರೆದದ್ದು ಅಂತ ಮನೆಯಲ್ಲಿ ಹೇಳುತ್ತಾರೆ. ಹೋದಾಗ ಕತ್ತೆತ್ತಿ ನೋಡಿ. ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆ, ಅರ್ಜುನನ ಮತ್ಸ್ಯಯಂತ್ರ, ಹಿಂದೆ ಕೆಂಪು. ಅಂಥದ್ದನ್ನು ಯಾರೋ ನಮ್ಮದು ಅಂದರೆ ಹೊಟ್ಟೆ ಉರಿಯುತ್ತದೆ. ಅಲ್ಲಿಯವರಿಗೂ ಹಾಗೇ ಅಲ್ವಾ?

ಗಂಗಾವತಿಯಿಂದ ಮೆಲ್ಬರ್ನ್‌ಗೆ ಉತ್ತರಿಸಿದ್ದು:

ಕಿನ್ನಾಳದ ಅಣ್ಣನ ಮಾತಿಗೆ ನನ್ನದೂ ಓಟು. ಧೂಳು ತರಿಸಿಕೊಳ್ಳುವುದೊಂದು ಬಿಟ್ಟು, ಇಲ್ಲಿಗೆ ಮಣ್ಣು ಬಿಡುವುದಿಲ್ಲ.

ಮೇಡಂ, ಈ ದೇಶದಲ್ಲಿ ನಾವು ನೋಡುವ ಚುಕ್ಕಿ ಚಿತ್ರ ಬೋರ್ಡಿನ ಮೇಲೆ, ಕ್ಯಾನ್ವಾಸಿನ ಮೇಲೆ ಬರಲು ಶುರುವಾಗಿದ್ದು 1971ರಲ್ಲಿ, ಮರುಭೂಮಿ ನಡುವಿನ ಪಪುನ್ಯಾ ಎಂಬ ಊರಲ್ಲಿ. ಅದಕ್ಕೂ ಮುಂಚೆ ಆ ಕಥೆಗಳು ನೆಲದ ಮೇಲೆ, ಮೈಮೇಲೆ ಇದ್ದವು. ನಮ್ಮ ರಂಗೋಲಿಯ ಹಾಗೆಯೇ ಬರೆದು ಅಳಿಸುವಂಥವು. ಯಾವ ಕಥೆ ಯಾರು ಬರೆಯಬಹುದು ಅಂತ ಅವರಲ್ಲಿ ಕಟ್ಟು ಇದೆ. ಅದಕ್ಕೇ ಅವರು ಸೂಕ್ಷ್ಮ. ಅಂಗಡಿಯಲ್ಲಿ ಸಿಗುವ ಚುಕ್ಕಿ ಬೂಮರಾಂಗ್‌ಗಳಲ್ಲಿ ನಕಲಿ ಬಹಳ.

ಚುಕ್ಕಿ ಇಟ್ಟರೆ ಯಾರೂ ಕೇಸು ಹಾಕುವುದಿಲ್ಲ. ಆದರೆ ನಿಮ್ಮ ಮೂರನೇ ಫೋಟೋ ನೋಡಿ. ಒಂದರೊಳಗೊಂದು ದುಂಡು, ಪಕ್ಕದಲ್ಲಿ ಲಾಳದ ಆಕಾರ. ಅವರ ಚಿತ್ರಗಳಲ್ಲಿ ದುಂಡು ಅಂದರೆ ನೀರಿನ ತಾಣ ಅಥವಾ ಬಿಡಾರ, ಲಾಳ ಅಂದರೆ ಕೂತ ಮನುಷ್ಯ. ನೀವು ಬೇಕು ಅಂತ ತಂದದ್ದೋ, ಹತ್ತು ವರ್ಷ ನೋಡಿ ನೋಡಿ ಕೈಗೆ ಬಂದದ್ದೋ? ನಿಮ್ಮ ಅಜ್ಜಿ ಲಾಳ ಬರೆಯುತ್ತಿದ್ದರಾ?

ಊರಿಗೆ ಬಂದಾಗ ಒಮ್ಮೆ ನಮ್ಮ ಹಿರೇಬೆಣಕಲ್ ಗುಡ್ಡ ಹತ್ತಿ. ಮೊರೇರ ಗುಡ್ಡ ಅನ್ನುತ್ತೇವೆ. ಕಲ್ಲು ಚಪ್ಪಡಿಯ ಗೋರಿಗಳನ್ನು ನೋಡಲು ಎಲ್ಲರೂ ಹೋಗುತ್ತಾರೆ, ದಾರಿಯ ಕಲ್ಲಾಸರೆಗಳಲ್ಲಿ ಕೆಮ್ಮಣ್ಣಿನಲ್ಲಿ ಬರೆದ ಮನುಷ್ಯರು, ದನಗಳನ್ನು ನೋಡುವವರು ಕಮ್ಮಿ. ಬಳ್ಳಾರಿ ಪಕ್ಕದ ಕುಪಗಲ್ಲಿನಲ್ಲಿ ಕರಿ ಕಲ್ಲಿನ ಮೇಲೆ ಕುಟ್ಟಿ ಮೂಡಿಸಿದ ಗೂಳಿಗಳಿವೆ. ಅತ್ತ ನಿಮ್ಮ ಪಿಲ್ಬರಾದಲ್ಲಿ ಮುರುಜುಗ ಇದೆ, ಹತ್ತು ಲಕ್ಷಕ್ಕೂ ಜಾಸ್ತಿ ಕೆತ್ತನೆ, 2025ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಕುಪಗಲ್ಲಿನ ಪಕ್ಕ ಕಲ್ಲು ಕ್ವಾರಿ, ಮುರುಜುಗದ ಪಕ್ಕ ಅದಿರು ಬಂದರು. ನಿಮಗೆ ಕಾಂಗರೂ ಬೇಕಾಗಿರಲಿಲ್ಲ ಮೇಡಂ.

ಕೆಂಪಂಗಳ ಉತ್ತರಿಸಿದ್ದು:

ಲಾಳದ ಮಾತು ಓದಿ ಗ್ಯಾರೇಜಿಗೆ ಹೋಗಿ ದೀಪ ಹಾಕಿ ನೋಡಿದೆ. ನಾನು ಅದನ್ನು ಅಮ್ಮನ ಬಳೆ ಅಂತ ಬರೆದಿದ್ದೆ, ಒಡೆದ ಬಳೆ. ಈಗ ನೋಡಿದರೆ ನನಗೇ ಬಳೆ ಕಾಣಿಸುತ್ತಿಲ್ಲ. ಆ ಚಿತ್ರ ತರುವುದಿಲ್ಲ.

ಕಿನ್ನಾಳದ ತಮ್ಮಾ, ಧೂಳಿನ ಕಥೆ ಕೇಳಿ. 2019ರಲ್ಲಿ ಊರಿಗೆ ಬಂದಾಗ ಅಪ್ಪ ಹಾರ್ಲಿಕ್ಸ್ ಬಾಟಲಿ ತುಂಬಾ ಸಂಡೂರಿನ ಧೂಳು ತುಂಬಿಸಿಕೊಟ್ಟಿದ್ದರು. ಚಟ್ನಿಪುಡಿ ಪಕ್ಕದಲ್ಲೇ ಇಟ್ಟು ತಂದೆ. ಇಳಿದ ಮೇಲೆ ಕಾರ್ಡಿನಲ್ಲಿ ಬರೆದು ತೋರಿಸಿದೆ, ಅಷ್ಟು ಬುದ್ಧಿ ಇತ್ತು. ಆ ಅಧಿಕಾರಿ ಹುಡುಗಿ ಬಾಟಲಿ ಎತ್ತಿ ಬೆಳಕಿಗೆ ಹಿಡಿದು, "ಇದು ಮಸಾಲೆಯಾ?" ಅಂದಳು. ಮಣ್ಣು ಅಂದೆ. ಯಾಕೆ ಅಂದಳು. ಚಿತ್ರ ಬರೆಯಲು ಅಂದೆ. "ಇಲ್ಲಿಯೂ ಇಂಥದ್ದೇ ಬೇಕಾದಷ್ಟು ಇದೆಯಲ್ಲ" ಅಂತ ನಕ್ಕು ಡಬ್ಬಿಗೆ ಹಾಕಿದಳು. ಚಟ್ನಿಪುಡಿ ವಾಪಸ್ ಕೊಟ್ಟಳು. ಅವಳು ಹೇಳಿದ್ದು ಸುಳ್ಳಲ್ಲ, ಎರಡೂ ಒಂದೇ ಅದಿರು. ಮನೆಯವರು ಎರಡೂ ಕಡೆಯ ಕಲ್ಲನ್ನು ಬಿಳಿ ಹೆಂಚಿನ ಮೇಲೆ ಉಜ್ಜಿ ತೋರಿಸಿದ್ದರು. ಕಲ್ಲು ಕರಿ, ಗೆರೆ ಕೆಂಪು. ಯಾವುದು ಯಾವ ಊರದ್ದು ಅಂತ ಹೇಳಲು ನನಗೂ ಆಗಲಿಲ್ಲ. ಆದರೂ ಬಾಟಲಿ ಹೋದ ದಿನ ಟ್ಯಾಕ್ಸಿಯಲ್ಲಿ ಅತ್ತೆ.

ಲಾರಿಮಗ ತಮ್ಮಾ, ನಿಮ್ಮ ಮಾತಿಗೆ ಈಗಲೇ ಉತ್ತರ ಇಲ್ಲ. ಎರಡು ದಿನ ಕೊಡಿ.

ಡ್ರಾಯಿಂಗ್ ಮಾಸ್ತರ ಉತ್ತರಿಸಿದ್ದು:

ತಂಗೀ, ನಾನು ರಾಯಚೂರಿನವನು. 31 ವರ್ಷ ಸರ್ಕಾರಿ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತನಾದವನು. ಹೈಯರ್ ಪರೀಕ್ಷೆ ದಿನವೇ ಜ್ವರ ಬರುವ ಮಕ್ಕಳನ್ನು ಬಹಳ ನೋಡಿದ್ದೇನೆ.

ನಾಲ್ಕು ಫೋಟೋ ದೊಡ್ಡದು ಮಾಡಿ ನೋಡಿದೆ. ಒಂದೇ ಪ್ರಶ್ನೆ. ನಿಮ್ಮ ಗೆರೆ ಎಲ್ಲಿ ಹೋಯಿತು?

ಸಂದು ಚುಕ್ಕಿ ಇಟ್ಟು ಯಾರೂ ಎದ್ದು ಹೋಗುವುದಿಲ್ಲ. ಚುಕ್ಕಿ ಅಂದರೆ ನೆಟ್ಟ ಗೂಟ. ಆಮೇಲೆ ಗೆರೆ ಬರಬೇಕು. ಗೂಟ ಸುತ್ತಿ, ತಪ್ಪಿಸಿಕೊಂಡು, ಹೊರಟ ಕಡೆಗೇ ಬಂದು ಸೇರಬೇಕು. ನಿಮ್ಮ ಅಜ್ಜಿಯ ಲೆಕ್ಕ, ಜಾಣತನ ಎಲ್ಲ ಆ ಗೆರೆಯಲ್ಲಿ. ಮರುಭೂಮಿಯವರ ಚಿತ್ರದಲ್ಲಿ ಚುಕ್ಕಿಯ ಕೆಲಸವೇ ಬೇರೆ. ಅಲ್ಲಿ ಚುಕ್ಕಿ ನೆಲವನ್ನೇ ತುಂಬುತ್ತದೆ, ಕೆಲವು ಸಲ ಹೊರಗಿನವರು ನೋಡಬಾರದ್ದನ್ನು ಮುಚ್ಚುತ್ತದೆ ಅಂತಲೂ ಓದಿದ್ದೇನೆ. ನೀವು ಗೆರೆ ತೆಗೆದುಬಿಟ್ಟಿದ್ದೀರಿ. ಉಳಿದದ್ದು ಕೆಂಪು ನೆಲ, ಬಿಳಿ ಚುಕ್ಕಿ. ಆ ಸಂಘಟಕಿಗೂ ನಿಮ್ಮ ಚಿಕ್ಕಪ್ಪನ ಮಗನಿಗೂ ಕಂಡದ್ದು ಅದೇ. ಇಬ್ಬರೂ ಕುರುಡರಲ್ಲ.

ಯಾಕೆ ತೆಗೆದಿರಿ? ಯಾರೋ "ಗೆರೆ ಇದ್ದರೆ ಕರಕುಶಲ, ಇಲ್ಲದಿದ್ದರೆ ಮಾಡರ್ನ್" ಅಂದಿರಬೇಕು. ನನ್ನ ಊಹೆ. ತಪ್ಪಿದ್ದರೆ ಕ್ಷಮಿಸಿ.

ಎರಡು ದೇಶದ ನಡುವೆ ನಿಂತ ಹೆಣ್ಣುಮಕ್ಕಳು ಬಹಳ ಜನ ಬರೆದಿದ್ದಾರೆ. ಅಮೃತಾ ಶೇರ್‌ಗಿಲ್ 1913ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದವರು, ತಾಯಿ ಹಂಗೇರಿಯವರು, ತಂದೆ ಪಂಜಾಬಿನ ಸಿಖ್ಖರು. ಪ್ಯಾರಿಸ್‌ನಲ್ಲಿ ಎಣ್ಣೆ ಬಣ್ಣ ಕಲಿತು ಬಂದು, ಅಜಂತಾ ನೋಡಿ, ದಕ್ಷಿಣಕ್ಕೆ ಬಂದು, ಆಮೇಲೆ ಬರೆದ ಚಿತ್ರಗಳಲ್ಲಿ ಎಡಕ್ಕೆ ಪ್ಯಾರಿಸ್ ಬಲಕ್ಕೆ ಪಂಜಾಬ್ ಅಂತ ಇಲ್ಲ. ಕೂತ ಹೆಂಗಸರಿದ್ದಾರೆ ಅಷ್ಟೇ. 28ಕ್ಕೇ ತೀರಿಹೋದರು. ಇನ್ನೊಬ್ಬರು ಝರೀನಾ. 1937ರಲ್ಲಿ ಅಲಿಗಢದಲ್ಲಿ ಹುಟ್ಟಿ ಊರೂರು ತಿರುಗಿ ನ್ಯೂಯಾರ್ಕ್‌ನಲ್ಲಿ ನೆಲೆ ನಿಂತವರು. ಅವರ ಮನೆತನ ವಿಭಜನೆಯ ನಂತರ ಪಾಕಿಸ್ತಾನಕ್ಕೆ ಹೋಯಿತು. 1999ರಲ್ಲಿ ಮರದ ಅಚ್ಚಿನಲ್ಲಿ 36 ಚಿತ್ರಗಳ ಒಂದು ಸರಣಿ ಮಾಡಿದರು, ಒಂದೊಂದಕ್ಕೆ ಒಂದೊಂದು ಉರ್ದು ಪದ. ಬರೀ ಕಪ್ಪು ಗೆರೆಗಳು. ಆಕೆ ಗೆರೆ ಬಿಡಲಿಲ್ಲ ನೋಡಿ.

ಚುಕ್ಕಿ ಬಿಡುವ ಪ್ರಶ್ನೆಯೇ ಇಲ್ಲ. ಗೆರೆ ತನ್ನಿ.

ಕ್ಯಾಂಪಿನ ಹುಡುಗಿ ಉತ್ತರಿಸಿದ್ದು:

ಅಕ್ಕಾ, ಕಾರ್ಡಿನಲ್ಲಿ ಏನು ಹಾಕಬೇಕು ಅಂತ ಯಾರೂ ಹೇಳಲಿಲ್ಲ. ಅದಕ್ಕೆ ನಾನು ಬಂದೆ.

ನಾನು ಸಿಂಧನೂರಿನ ಆರ್.ಎಚ್. ಕ್ಯಾಂಪಿನವಳು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿಗಳಿಗೆ ಸರ್ಕಾರ ಇಲ್ಲಿ ಜಮೀನು ಕೊಟ್ಟು ಕೂರಿಸಿತು. ಅಜ್ಜಿ ಬಂದಾಗ ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು, ಬಂಗಾಳಿ ಮಾತಾಡುತ್ತೇನೆ, ಓದಲು ಬರುವುದಿಲ್ಲ. ಕೋಲ್ಕತ್ತಾದಿಂದ ನೆಂಟರು ಬಂದರೆ ನನ್ನನ್ನು "ಕನ್ನಡದವಳು" ಅನ್ನುತ್ತಾರೆ. ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ "ಬಂಗಾಲಿ ಹುಡುಗಿ".

ಶೀಗಿ ಹುಣ್ಣಿಮೆ ದಿನ ನಮ್ಮ ಮನೆಯಲ್ಲಿ ಲಕ್ಷ್ಮಿ ಪೂಜೆ. ಅಜ್ಜಿ ಅಕ್ಕಿ ನೆನೆಸಿ ಅರೆದು ನೀರು ಮಾಡಿ, ಅದರಲ್ಲಿ ಬಟ್ಟೆ ಚೂರು ಅದ್ದಿ, ಉಂಗುರ ಬೆರಳಿನಿಂದ ಆಲ್ಪನಾ ಬರೆಯುತ್ತಿದ್ದರು. ಭತ್ತದ ತೆನೆ, ಲಕ್ಷ್ಮಿ ಪಾದ. ಚುಕ್ಕಿ ಲೆಕ್ಕ ಇಲ್ಲವೇ ಇಲ್ಲ, ಕೈ ಹೋದ ಹಾಗೆ. ಬರೆದಾಗ ಏನೂ ಕಾಣುವುದಿಲ್ಲ, ಒಣಗುತ್ತಾ ಬೆಳ್ಳಗಾಗುತ್ತದೆ. ಅದೇ ಹುಣ್ಣಿಮೆಗೆ ಪಕ್ಕದ ಹಳ್ಳಿಯವರು ಹೊಲಕ್ಕೆ ಹೋಗಿ ಭೂಮಿ ಪೂಜೆ ಮಾಡುತ್ತಾರೆ. ನಾನು ಶಾಲೆಯಲ್ಲಿ ಗೆಳತಿಯರಿಂದ ಚುಕ್ಕಿ ರಂಗೋಲಿ ಕಲಿತೆ. ಒಂದು ವರ್ಷ ಮನೆ ಮುಂದೆ ಚುಕ್ಕಿ ಇಟ್ಟು ನಡುವೆ ಆಲ್ಪನಾ ತೆನೆ ಬರೆದೆ. ಅಜ್ಜಿ ನೋಡಿ "ಇದೇನೇ, ತೆನೆಗೆ ಬೇಲಿ ಹಾಕಿದ್ದೀಯ" ಅಂದರು. ಅಳಿಸಲು ಹೇಳಲಿಲ್ಲ.

ನನ್ನ ಕೇಳಿದರೆ ಕಾರ್ಡಿನಲ್ಲಿ "ಆಸ್ಟ್ರೇಲಿಯಾದ ಕಲಾವಿದೆ" ಬೇಡ. "ಸಂಡೂರಿನ ಮಗಳು" ಅಂತಲೂ ಬೇಡ, ಅದು ಫ್ಲೆಕ್ಸ್ ಬೋರ್ಡಿನ ಮಾತು. ಹೆಸರು ಹಾಕಿ, ಕೆಳಗೆ "ಹುಟ್ಟಿದ್ದು ಸಂಡೂರು, ಇರುವುದು ಪರ್ತ್" ಅಂತ ಬರೆಯಿರಿ. ನನಗೆ ಯಾರಾದರೂ ಹಾಗೆ ಎರಡನ್ನೂ ಒಂದೇ ಸಾಲಿನಲ್ಲಿ ಬರೆಯಲು ಬಿಟ್ಟಿದ್ದರೆ ಸಾಕಿತ್ತು. ಅರ್ಜಿ ಫಾರಂಗಳಲ್ಲಿ ಒಂದೇ ಡಬ್ಬಿ ಇರುತ್ತದೆ.

ಕೆಂಪಂಗಳ ಉತ್ತರಿಸಿದ್ದು:

ಮಾಸ್ತರರೇ, ನಿಮ್ಮ ಊಹೆ ಅರ್ಧ ಸರಿ. 2017ರ ಚಿತ್ರಗಳನ್ನು ಕಪಾಟಿನ ಹಿಂದಿನಿಂದ ತೆಗೆದು ನೋಡಿದೆ. ಎಲ್ಲದರಲ್ಲೂ ಗೆರೆ ಇದೆ. ತರಗತಿಯಲ್ಲಿ ಒಬ್ಬರು "ಗೆರೆ ಇಲ್ಲದಿದ್ದರೆ ಇನ್ನೂ ಗಟ್ಟಿ" ಅಂದಿದ್ದು ನಿಜ. ಇನ್ನರ್ಧ ಹೇಳಲು ಸಂಕೋಚ. ನನಗೆ ಆ ಗೆರೆ ಪೂರ್ತಿ ನೆನಪಿರಲಿಲ್ಲ. ಚುಕ್ಕಿ ನೆನಪಿತ್ತು, 37 ಅಂತ ಲೆಕ್ಕವೂ ಇತ್ತು, ನಾಲ್ಕನೇ ತಿರುವಿನ ಮೇಲೆ ಎಲ್ಲಿ ಹೋಗಬೇಕು ಅಂತ ಮರೆತಿತ್ತು. ಸುಳ್ಳು ಗೆರೆ ಎಳೆಯುವುದಕ್ಕಿಂತ ಬಿಡುವುದು ಸುಲಭ ಆಯಿತು. ಮಾಡರ್ನ್ ಅಂದುಕೊಂಡೆ.

ನಿನ್ನೆ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಅಮ್ಮ ಬಾಯಲ್ಲಿ ಹೇಳಲು ಹೋದರು, ಆಗಲಿಲ್ಲ. "ನನ್ನ ಕೈಗೆ ಗೊತ್ತು ಕಣೇ, ನನಗೆ ಗೊತ್ತಿಲ್ಲ" ಅಂತ ರಂಗೋಲಿ ಡಬ್ಬಿ ತಂದು ಪಡಸಾಲೆಯಲ್ಲೇ ಇಟ್ಟರು. ತಮ್ಮ ಫೋನ್ ಹಿಡಿದುಕೊಂಡಿದ್ದ. ನಾಲ್ಕನೇ ತಿರುವಿನಲ್ಲಿ ಗೆರೆ ಒಳಗೆ ಬರುತ್ತದೆ. ನಾನು ಇಷ್ಟು ದಿನ ಹೊರಗೆ ಹೋಗುತ್ತದೆ ಅಂದುಕೊಂಡಿದ್ದೆ.

ಲಾರಿಮಗ ತಮ್ಮಾ, ಯೂನಿಫಾರಂ ಚಿತ್ರ ಇದೆ. ಗ್ಯಾರೇಜಿನಲ್ಲಿ ಗೋಡೆಗೆ ಮುಖ ಮಾಡಿ ಇಟ್ಟಿದ್ದೇನೆ, ಐದು ವರ್ಷ ಆಯಿತು. ಹಗ್ಗದ ಮೇಲೆ ತಮ್ಮನ ಅಂಗಿ, ಹಿಂದೆ ಲಾರಿ ಸಾಲು. ಲಾರಿಯ ಪಕ್ಕ ಹೆಲ್ಮೆಟ್ ಹಾಕಿದ ಒಬ್ಬರು ನಿಂತಿದ್ದಾರೆ. ಅವರು ನಮ್ಮ ಮನೆಯವರು. ಆ ಧೂಳಿನಲ್ಲೇ ನನ್ನ ಮದುವೆ ಆಯಿತು, ಆ ಧೂಳಿನ ಸಂಬಳದಲ್ಲೇ ಈ ಗ್ಯಾರೇಜು. ಅದನ್ನು ಇಲ್ಲಿಯವರಿಗೆ 200 ಪದಗಳಲ್ಲಿ ಹೇಳಲು ಬರಲಿಲ್ಲ, ಊರಿನವರಿಗೆ ಹೇಳಲು ಧೈರ್ಯ ಇರಲಿಲ್ಲ. ಮನೆಯವರನ್ನು ಕೇಳಿದೆ, ತರಲಾ ಅಂತ. ಸ್ವಲ್ಪ ಹೊತ್ತು ನೋಡಿ, "ಹೆಲ್ಮೆಟ್ ಬಣ್ಣ ತಪ್ಪು, ನಂದು ಬಿಳಿದು ಇತ್ತು" ಅಂದರು. ಸರಿ ಮಾಡುತ್ತೇನೆ. ಬಾಗಿಲ ಹತ್ತಿರದ ಮೊದಲನೇ ಮೊಳೆ ಅದಕ್ಕೆ. ನೀವು ಬಂದಾಗ ಅದರ ಮುಂದೆ ನಿಂತು ಬೈಯಬಹುದು.

ಕ್ಯಾಂಪಿನ ತಂಗೀ, ನೀವು ಹೇಳಿದ ಸಾಲನ್ನೇ ಹಾಲ್‌ನವರಿಗೆ ಕಳಿಸಿದೆ. "ಇಷ್ಟೇನಾ ಮೇಡಂ?" ಅಂದರು. ಸಿಂಧನೂರಿನಿಂದ ಬರಲು ಆಗುತ್ತಾ? ಬಂದರೆ ಹೊಸ್ತಿಲಲ್ಲಿ ಆಲ್ಪನಾ ಬರೆಯುವಿರಾ? ಪಕ್ಕದಲ್ಲೇ ಅಮ್ಮ ಚುಕ್ಕಿ ಇಡುತ್ತಾರೆ.

ಕಿನ್ನಾಳದ ತಮ್ಮಾ, ಇಲ್ಲಿಯ ಇಂಡಿಯನ್ ಅಂಗಡಿಯಲ್ಲಿ ಬೀಜ ಇರುವ ಹುಣಸೆಹಣ್ಣು ಸಿಕ್ಕಿತು. ನಾಲ್ಕು ಪಾಕೆಟ್ ಬಿಡಿಸಿದರೆ ಒಂದು ಹಿಡಿ ಬೀಜ. ನೆನೆ ಹಾಕಿದ್ದೇನೆ. ಎಷ್ಟು ದಿನ ಬಿಡಬೇಕು? ಇಲ್ಲಿ ಈಗ ಚಳಿ.

ಕಿನ್ನಾಳದವ ಉತ್ತರಿಸಿದ್ದು:

ಚಳಿ ಇದ್ದರೆ ಒಂದು ದಿನ ಜಾಸ್ತಿ ಬಿಡಿ ಅಕ್ಕಾರೆ. ನೀರು ದಿನಾ ಬದಲಿಸಿ, ಇಲ್ಲಾಂದ್ರೆ ಗ್ಯಾರೇಜು ನಾರುತ್ತದೆ. ಸಿಪ್ಪೆ ಉಗುರಿಗೆ ಬಂದರೆ ಆಯಿತು ಅಂತ ಲೆಕ್ಕ.